ಎಡದಿಂದ ಮೂರನೆಯವಳು

ಬುಧವಾರದ ಮ್ಯಾಟಿನಿ. ಅರವತ್ತು ದಾಟಿದವರಿಗೆ ಅರ್ಧ ದರ,
ಜೊತೆಗೆ ಕಾಗದದ ಲೋಟದಲ್ಲಿ ಚಹಾ, ಎರಡು ಬಿಸ್ಕತ್ತು.
ಹೊರಗೆ ಮೋರ್ಕಂಬ್ ಕೊಲ್ಲಿಯ ನೀರು ಮೈಲುಗಟ್ಟಲೆ ಹಿಂದೆ ಸರಿದು
ಬರಿ ಕೆಸರು ಹೊಳೆಯುತ್ತಿದೆ.
ಒಳಗೆ ಹದಿನೇಳು ಮಂದಿ, ನಾಲ್ಕು ಊರುಗೋಲು,
ಒಂದು ನಾಯಿ.

ದೀಪ ಆರಿತು. ಅದೇ ಕಪ್ಪು-ಬಿಳುಪು ಶಾಲೆ,
ಅದೇ ಕೀರಲು ಬ್ಯಾಂಡು,
ಗೇಟು ಕಿತ್ತುಕೊಂಡು ನುಗ್ಗುವ ಅದೇ ಕಪಿಸೈನ್ಯ.
ಒಬ್ಬಳ ಕೈಲಿ ಹಾಕಿ ಕೋಲು,
ಒಬ್ಬಳ ಟೋಪಿಯಲ್ಲಿ ಜೀವಂತ ಏಡಿ.

"ನೋಡು" ಎಂದೆ ಥೆಲ್ಮಾಳ ಪಕ್ಕೆ ತಿವಿದು,
"ಮಹಡಿಯ ಕಟಕಟೆಗೆ ಸಾಲಾಗಿ ನಿಂತು
ಇನ್‌ಸ್ಪೆಕ್ಟರನ ಬೋಳುತಲೆಗೆ ಗಂಜಿ ಸುರಿಯುತ್ತಾರಲ್ಲ,
ಎಡದಿಂದ ಮೂರನೆಯವಳು ನಾನು."
ಅವಳು ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ
ಗಂಜಿ ಸುರಿದು ಮುಗಿದಿತ್ತು.

ಐವತ್ತನಾಲ್ಕರ ಬೇಸಗೆ. ಮಾಂಸದ ಪಡಿತರ ಆಗಷ್ಟೇ ನಿಂತಿತ್ತು.
ನಮ್ಮ ಶಾಲೆಯಲ್ಲಿ ಕೆಮ್ಮಲಿಕ್ಕೂ ಕೈ ಎತ್ತಬೇಕು.
ಮಿಸ್ ಆಕ್ರಾಯ್ಡ್ ಬೆತ್ತಕ್ಕೆ ಅಗಸೆ ಎಣ್ಣೆ ಸವರಿ
ಕಿಟಕಿಯಲ್ಲಿ ಒಣಗಲಿಡುತ್ತಿದ್ದರು,
ಬಾಗಲಿ, ಮುರಿಯದಿರಲಿ ಎಂದು.
ಬಾಲ ಬಿಚ್ಚಬೇಡಿ, ಎನ್ನುತ್ತಿತ್ತು ಊರಿಗೆ ಊರೇ:
ಅಮ್ಮ, ಪಾದ್ರಿ, ಮೀನಂಗಡಿಯವ, ಬಸ್ಸಿನ ಕಂಡಕ್ಟರು.

ಆಮೇಲೆ ಲಂಡನ್ನಿನಿಂದ ಲಾರಿ ಬಂತು, ದೀಪ ಬಂತು,
ಕುರ್ಚಿಯ ಮೇಲೆ ನಿಂತ ಸಣಕಲು ಮನುಷ್ಯ
ತಗಡಿನ ತುತ್ತೂರಿಯಲ್ಲಿ ಕೂಗಿದ:
"ಸಾಲದು! ಬಿಚ್ಚಿ ಬಾಲ, ಪೂರ್ತಿ ಬಿಚ್ಚಿ!
ಇಷ್ಟು ಸಭ್ಯರಾದರೆ ಟಿಕೆಟ್ಟು ಯಾರು ಕೊಳ್ಳುತ್ತಾರೆ?"

ಹೇಗೆಂದು ಗೊತ್ತಿರಲಿಲ್ಲ ನಮಗೆ.
ಮೊದಲ ಸಲ ಬಡಿಸಿದ ಹಾಗೆ ಸುರಿದೆ,
"ಕ್ಷಮಿಸಿ ಸರ್" ಎಂದೂ ಅಂದೆ.
ಏಳನೆಯ ಸಲ ಬಂತು ಅದು,
ಕಿಬ್ಬೊಟ್ಟೆಯಿಂದ, ಅಲ್ಲಿವರೆಗೆ ಎಲ್ಲಿತ್ತೋ, ಒಂದು ಕಿರುಚು,
ನನ್ನದೆಂದು ನನಗೇ ಗುರುತು ಸಿಗದ್ದು.
ಅದಕ್ಕೆ ಅವರು ಹತ್ತು ಶಿಲಿಂಗು ಕೊಟ್ಟರು.
ಕಾಲುಚೀಲ ಹರಿದದ್ದಕ್ಕೆ ಅಮ್ಮ ಎರಡು ಕೊಟ್ಟಳು.

ಆಗ ನಕ್ಕ ಕಡೆ ಈಗ ನಗು ಬರಲಿಲ್ಲ.
ಮುಖ್ಯೋಪಾಧ್ಯಾಯಿನಿ ಗ್ಯಾಸಿನ ಬಿಲ್ಲನ್ನು
ಪಿಯಾನೋದೊಳಗೆ ತುರುಕುವಾಗ ಮಾತ್ರ
ಹೊಟ್ಟೆ ಹಿಡಿದುಕೊಂಡು ನಕ್ಕೆ. ನಾನೂ ತುರುಕಿದ್ದೇನೆ,
ಪಿಯಾನೋ ಇರಲಿಲ್ಲ ಅಷ್ಟೆ.
ಆ ಇನ್‌ಸ್ಪೆಕ್ಟರು ಪಾಪ, ಏಳು ಸಲ ತಲೆ ತೊಳೆದು
ನಡುನಡುವೆ ನಮಗೆ ಪೆಪ್ಪರ್‌ಮಿಂಟು ಹಂಚಿದ್ದ.
ಚಿತ್ರದಲ್ಲಿ ಅದಿಲ್ಲ.

ದೀಪ ಹತ್ತಿತು. ಪೊರಕೆಯ ಹುಡುಗ ನಾಯಿಯನ್ನು ದಾಟಿ ಗುಡಿಸಿದ.
ಬಸ್ ನಿಲ್ದಾಣದಲ್ಲಿ ಥೆಲ್ಮಾ ಕೇಳಿದಳು:
"ಎಡ ಅಂದರೆ ಯಾರ ಎಡ? ನಮ್ಮದಾ, ಆ ಹುಡುಗಿಯರದಾ?"
ಎಪ್ಪತ್ತು ವರ್ಷ ನಾನು ಇದನ್ನು ಯೋಚಿಸಿಯೇ ಇಲ್ಲ.
ಎಲ್ಲರಿಗೂ ಎರಡು ಜಡೆ, ಎಲ್ಲರಿಗೂ ಅದೇ ಟೋಪಿ;
ನಾನೆಂದು ಇಷ್ಟು ದಿನ ತೋರಿಸಿದ್ದು
ಪಾಲಿನ್ ರಿಗ್ ಇರಬಹುದು.

"ಇರು, ಆ ಕಿರುಚು ಕೇಳಿಸುತ್ತೇನೆ" ಎಂದು ಬಾಯಿ ತೆರೆದೆ.
ಕೊಲ್ಲಿಯಲ್ಲಿ ನೀರು ವಾಪಸು ಬರುತ್ತಿತ್ತು, ಸದ್ದಿಲ್ಲದೆ.
ಕೆಮ್ಮು ಬಂತು.
ಕೈ ಎತ್ತಲಿಲ್ಲ.