ನಲವತ್ತು ಸೆಕೆಂಡು

ಮಡಚಿದರೆ ಲಾರಿಯ ಬೆನ್ನಿಗೆ ಒರಗುವ ಗೋಪುರ ನಮ್ಮದು.
ಜನ ಸೇರುವಲ್ಲಿ ಎತ್ತಿ ನಿಲ್ಲಿಸುತ್ತೇವೆ,
ಚದುರಿದ ಮೇಲೆ ಇಳಿಸುತ್ತೇವೆ.
ಪಂಢರಪುರ, ಪ್ರಯಾಗ, ಪುರಿ, ಒಮ್ಮೆ ಅಜ್ಮೀರದ ಉರುಸು.
ಮೂರು ವರ್ಷದಲ್ಲಿ ನಾನು ಕಂಡಷ್ಟು ಕ್ಷೇತ್ರ
ನಮ್ಮ ಮನೆತನದಲ್ಲಿ ಯಾರೂ ಕಂಡಿಲ್ಲ.
ಎಲ್ಲ ದೇವರನ್ನೂ ಬೆನ್ನ ಕಡೆಯಿಂದ,
ಜನರೇಟರಿನ ಪಕ್ಕದಿಂದ.
ಡೀಸೆಲ್ ವಾಸನೆಗೆ ಈಗೀಗ
ಕೈ ತಾನಾಗಿ ಜೋಡಿಸಿಕೊಳ್ಳಲು ಹೋಗುತ್ತದೆ.

ಈ ಸಲ ಡ್ಯೂಟಿ ತಲಕಾವೇರಿಗೆ ಬಿತ್ತು.
ನಿನ್ನ ಊರಲ್ಲವಾ, ಅಂದ ರಾಮ್‌ಸಜೀವನ್.
ಬಾಂದಾ ಕಡೆಯವನು, ಬಯಲಿನವನು;
ಭಾಗಮಂಡಲದಿಂದಾಚೆ ತಿರುವಿಗೊಂದು ಬೈಗುಳ ಇಟ್ಟ,
ಒಂದನ್ನೂ ಎರಡನೇ ಸಲ ಬಳಸಲಿಲ್ಲ.
ನನ್ನ ಊರು ಹೌದು. ಆದರೆ ಈ ಮೆಟ್ಟಿಲು ಹತ್ತಿದ್ದು
ಆರನೆಯ ವಯಸ್ಸಿನಲ್ಲಿ,
ತಾಯಿಯ ಸೀರೆಯ ಬೆನ್ನ ನೆರಿಗೆ ಹಿಡಿದು.

ತಾಯಿ ಅಂದರೆ ನಮ್ಮ ಮಾತಿನಲ್ಲಿ ಅಜ್ಜಿ.
ಹೆತ್ತವಳು ಅವ್ವ.
ಫೋನಿನಲ್ಲಿ ಆ ಹೆಸರು ಮಿನುಗಿದಾಗ
ಜೊತೆಯವರೆಲ್ಲ ಮೋಸ ಹೋಗಿದ್ದಾರೆ,
ಕೆಲವೊಮ್ಮೆ ನಾನೂ.

ಅವಳಿಗೀಗ ಮೊಣಕಾಲು ಮಡಚುವುದಿಲ್ಲ.
ವಿರಾಜಪೇಟೆಯಲ್ಲಿ, ಬೇಕರಿಯ ಮೇಲಿನ ಅಕ್ಕನ ಮನೆಯಲ್ಲಿ,
ತೀರ್ಥ ಉಕ್ಕುವುದು ರಾತ್ರಿ ಒಂದೂ ಹತ್ತೊಂಬತ್ತಕ್ಕೆಂದು
ಹನ್ನೊಂದಕ್ಕೇ ಮಿಂದು,
ಮೊಮ್ಮಗಳ ಫೋನನ್ನು ಚೊಂಬಿಗೆ ಒರಗಿಸಿ ಕೂತಿದ್ದಾಳೆ.

ಒಂದೂ ಹತ್ತೊಂಬತ್ತು.
ನನ್ನ ಪರದೆಯ ಮೇಲೆ ಗೆರೆ ಒಮ್ಮೆಲೇ ಎದ್ದಿತು:
ಅಷ್ಟೂ ಜನ, ಅಲ್ಲಿಲ್ಲದ ಯಾರಿಗೋ ತೋರಿಸಲು
ಒಟ್ಟಿಗೆ ಕೈ ಎತ್ತಿದ್ದರು.
ನಾನು ನಿಂತಲ್ಲಿಗೆ ಕುಂಡಿಕೆ ಕಾಣುವುದಿಲ್ಲ. ಕೂಗು ಕೇಳಿತು.
ಅಕ್ಕನಿಗೆ ಹಚ್ಚಿ, ತಾಯಿಗೆ ಕೊಡು ಅಂದೆ.
ಬಂತು!
ಇಲ್ಲ.
ಬಂತು ತಾಯಿ, ಈಗ ತಾನೇ.
ಇಂಥ ದಿನ ಸುಳ್ಳು ಹೇಳಬೇಡ. ನೋಡ್ತಾ ಇದೀನಲ್ಲ,
ಅರ್ಚಕರು ಇನ್ನೂ ಹೂ ಹಾಕ್ತಾ ಇದಾರೆ.

ಕಾರಣ ನನಗೆ ಗೊತ್ತು. ಕ್ಯಾಮೆರಾ ಕಂಡದ್ದನ್ನು
ಎಲ್ಲೋ ಕೊಂಡೊಯ್ದು, ಕೊಚ್ಚಿ, ಪೊಟ್ಟಣ ಕಟ್ಟಿ,
ಮತ್ತೆ ಬಿಚ್ಚಿ ಜೋಡಿಸಲು ನಲವತ್ತು ಸೆಕೆಂಡು.
ವಿವರಿಸಬಹುದಿತ್ತು. ಸುಮ್ಮನಾದೆ.
ಬಂದದ್ದನ್ನು ನಾನು ನೋಡಿಲ್ಲ,
ನೋಡುತ್ತಿರುವವಳಿಗೆ ಇನ್ನೂ ಬಂದಿಲ್ಲ.
ಆ ನಡುವೆ ಕಾವೇರಮ್ಮೆ ಎಲ್ಲಿದ್ದಳು?
ಮುಂಬೈಯ ಯಾವ ತಂಪು ಕೋಣೆಯಲ್ಲಿ,
ಕಡಲಡಿಯ ಯಾವ ತಂತಿಯಲ್ಲಿ?
ಹೊಳೆಯಾಗಿ ನಡೆದಿದ್ದರೆ
ಇಷ್ಟು ಹೊತ್ತಿಗೆ ಮೆಟ್ಟಿಲೂ ಇಳಿದಿರುತ್ತಿರಲಿಲ್ಲ.

ಆಂ, ಈಗ ಬಂತು, ಅಂದಳು ತಾಯಿ.
ಆಮೇಲೆ ಮಾತಿಲ್ಲ. ಉಸಿರು ಕೇಳುತ್ತಿತ್ತು.
ಅದಕ್ಕೆ ತಡವಿರಲಿಲ್ಲ.

ಬೆಳಗಿನ ಮೊದಲ ಬಸ್ಸು.
ತೊಡೆಗಳ ನಡುವೆ ಎರಡು ಲೀಟರಿನ ಕೋಲಾ ಬಾಟಲಿ, ಅದರಲ್ಲಿ ತೀರ್ಥ.
ಲೇಬಲ್ ಕಿತ್ತಿದ್ದೆ; ಅಂಟು ಹೋಗಿರಲಿಲ್ಲ.
ಮನೆಯಲ್ಲಿ ಸೌತೆಕಾಯಿ ಆಗಲೇ ಕೆಂಪು ರೇಷ್ಮೆ ಉಟ್ಟು
ಅಕ್ಕನ ಪತ್ತಾಕ್ ಹಾಕಿಕೊಂಡು
ದೇವಿಯಾಗಿ ಮಣೆಯ ಮೇಲೆ ಕೂತಿತ್ತು.
ಎಲ್ಲರ ತಲೆಗೂ ತೀರ್ಥ ಚಿಮುಕಿಸಿ
ಕೊನೆಗೆ ನನ್ನ ಫೋನಿಗೂ ಚಿಮುಕಿಸಿದಳು:
ಇದೂ ರಾತ್ರಿಯಿಡೀ ನಿಂತಿತ್ತಲ್ಲ.

ಅಯ್ಯೋ ಅಂದು ನಾನು ಒರೆಸುವಷ್ಟರಲ್ಲಿ
ಒಂದು ಹನಿ ಗಾಜಿನ ಮೇಲೆ ಜಾರಿ
ಬೆರಳಿನ ಹಾಗೆ ಎಲ್ಲೋ ಒತ್ತಿ
ಬೆಟ್ಟದ ಮೇಲೆ ಮಲಗಿದ್ದ ರಾಮ್‌ಸಜೀವನನನ್ನು ಎಬ್ಬಿಸಿತು.
ತಾಯಿ ಫೋನು ಕಸಿದಳು. ತಿಂಬಕ್ ಬಾ, ಅಂದಳು.
ದೋಸೆ, ಕುಂಬಳಕಾಯಿ ಕರಿ, ಕತ್ತಲಾಗುವ ಮೊದಲು,
ಮಳೆ ಬಂದರೆ ನಿಧಾನ, ಎಲ್ಲ ಕೊಡವ ತಕ್ಕಿನಲ್ಲೇ.
ಹಾಂ ಜೀ, ಹಾಂ ಜೀ, ಅಂದ ಅವನು,
ಯಾರೆಂದೂ ಕೇಳದೆ.

ಬಂದ. ಗೋಪುರದ ಸಮೇತ.
ಓಣಿಯಲ್ಲಿ ತಿರುಗಿಸಲಾಗದೆ ಬೇಕರಿಯ ಮುಂದೆ ಸಿಕ್ಕಿಕೊಂಡ.
ತಾಯಿ ಗೋಡೆ ಹಿಡಿದು ಒಂದೊಂದೇ ಮೆಟ್ಟಿಲಿಳಿದು
ಮಡಚಿದ ಕಬ್ಬಿಣವನ್ನು
ಹಸುವಿನ ಮೈ ಸವರಿದಂತೆ ಸವರಿದಳು.
ಇದೇನಾ, ತಡ ಮಾಡಿದ್ದು?
ಇದಲ್ಲ, ಅಂದೆ. ಇದು ಆಗಲೇ ಕಳಿಸಿತ್ತು.
ಇನ್ಯಾರು ಮತ್ತೆ?

ಏನು ಹೇಳಲಿ ಎಂದು ಯೋಚಿಸುತ್ತ ನಿಂತೆ.
ಹಿಂದೆ ಮೂರು ಆಟೋ ಹಾರ್ನ್ ಹೊಡೆಯುತ್ತಿದ್ದವು.
ಮೇಲೆ ರಾಮ್‌ಸಜೀವನ್
ನಾಲ್ಕನೆಯ ದೋಸೆಗೆ ಕೈಯೊಡ್ಡಿದ್ದ.