ಗಂಟು

ಅವಳಮ್ಮನಿಗೆ ಈ ತಿಂಗಳಿಡೀ ರಾತ್ರಿ ಪಾಳಿ,
ದೊಡ್ಡಾಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ.
ನನ್ನದು ಹಗಲು: ಅರಸೀಕೆರೆ ಯಾರ್ಡಿನಿಂದ
ಬಾಣಾವರದ ಕಡೆಗೆ ಹಳಿಯುದ್ದಕ್ಕೂ ನಡೆದು
ಸಡಿಲಾದ ಕೀಲಿಗಳನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸುವುದು.

ಸಂಜೆ ಕ್ವಾರ್ಟರ್ಸಿನ ಅಡುಗೆಮನೆಯಲ್ಲಿ ಮೂವರು:
ನಾನು, ಹನ್ನೊಂದು ತುಂಬಿದ ಲಹರಿ, ಹಲ್ಲು ಬಿದ್ದ ಚಿರಂತ.
"ಅಪ್ಪಾ, ಮುದ್ದೆ ನಾನೇ ಮಾಡ್ತೀನಿ."
ಸರಿ ಅಂದೆ.
ಸರಿ ಅನ್ನುವುದು ಸುಲಭ, ಎಸರಿನ್ನೂ ಕುದಿದಿರಲಿಲ್ಲ.

ಮೊದಲು ನೀರಿಗೆ ಒಂದಿಷ್ಟು ಹಿಟ್ಟು ಕದಡಿ ಬಿಡು,
ಗುಳುಗುಳು ಅನ್ನಲಿ.
ಆಮೇಲೆ ಮಿಕ್ಕ ಹಿಟ್ಟನ್ನು ನಡುವೆ ಗುಡ್ಡೆ ಸುರಿ,
ಮಾಲೇಕಲ್ಲು ಬೆಟ್ಟದ ಹಾಗೆ.
ಕೋಲು ನೆಟ್ಟು ಬಿಡು. ಮುಟ್ಟಬೇಡ.
"ಎಷ್ಟು ಹೊತ್ತು?"
ನನಗೆ ನಿಮಿಷದ ಲೆಕ್ಕ ಗೊತ್ತಿಲ್ಲ.
ಮೈಸೂರು ಗಾಡಿ ಔಟರಿನಲ್ಲಿ ನಿಂತು ಒಮ್ಮೆ ಕೂಗುತ್ತೆ,
ಅದು ಪ್ಲಾಟ್‌ಫಾರ್ಮಿಗೆ ಬಂದು ನಿಲ್ಲುವಷ್ಟು ಹೊತ್ತು.
"ಗಾಡಿ ಲೇಟಾದ್ರೆ?" ಅಂತ ಚಿರಂತ.
ಆ ಪ್ರಶ್ನೆಗೆ ಇಲಾಖೆಯಲ್ಲೇ ಉತ್ತರವಿಲ್ಲ.

ಗಾಡಿ ಕೂಗುವ ಮೊದಲೇ ಅವಳು ಕೋಲು ತಿರುವಿದಳು.
ಗಂಟು.
ಕಡಲೆಯಷ್ಟು, ನೆಲ್ಲಿಕಾಯಷ್ಟು,
ಒಡೆದರೆ ಒಳಗೆ ಒಣ ಹಿಟ್ಟು.
ತಡೆಯಲಾಗಲಿಲ್ಲ. "ಬಿಡು ಇಲ್ಲಿ" ಅಂದೆ,
ಕೋಲು ಕಿತ್ತುಕೊಂಡೆ,
ಕವೆಗೋಲಲ್ಲಿ ಪಾತ್ರೆ ಒತ್ತಿ ಹಿಡಿದು
ಹತ್ತು ಸುತ್ತಿನಲ್ಲಿ ಎಲ್ಲ ಗಂಟೂ ಉಜ್ಜಿ ಹಾಕಿದೆ.
ನುಣ್ಣನೆಯ ಮುದ್ದೆ. ಮೂರು.
ಅವಳು ಹಿತ್ತಲ ಬಾಗಿಲಲ್ಲಿ ನಿಂತು
ಉಗುರಿನಿಂದ ಗೋಡೆಯ ಸುಣ್ಣ ಕೆರೆಯುತ್ತಿದ್ದಳು.
"ಊಟಕ್ಕೆ ಬಾ."
"ಹಸಿವಿಲ್ಲ."
ಹುರುಳಿಸಾರು ಆರಿ, ಮೇಲೆ ಕೆನೆ ಕಟ್ಟಿತು.

ನನ್ನ ಎಡಗೈ ಗೆಣ್ಣಿನ ಮೇಲೆ ಒಂದು ಬಿಳಿ ಗೆರೆ ಇದೆ.
ಸಾರಿಗೆ ಎರಡು ಸಲ ಉಪ್ಪು ಹಾಕಿದ್ದಕ್ಕೆ
ಒಂಬತ್ತರ ವಯಸ್ಸಿನಲ್ಲಿ
ಚಿಕ್ಕಪ್ಪ ಹಿತ್ತಾಳೆ ಸೌಟಿನಲ್ಲಿ ಕೊಟ್ಟದ್ದು.
ಹಾಗೆ ಕಲಿತೆ, ಅದಕ್ಕೇ ಕಲಿತೆ
ಅಂತ ಎಲ್ಲರ ಹತ್ತಿರ ಹೇಳಿಕೊಂಡು ಬಂದವನು.
ಕಲಿತದ್ದು ಉಪ್ಪಿನ ಅಳತೆಯೋ, ಸೌಟಿನ ಬೀಸೋ,
ಆ ರಾತ್ರಿ ಯಾಕೋ ಅನುಮಾನ ಬಂತು.

ಮಾರನೆ ಸಂಜೆ ಅವಳೇ ಬಂದಳು. ಕರಾರು ಒಂದೇ:
"ನೀನು ಹೊಸ್ತಿಲಾಚೆ ಕೂತಿರ್ಬೇಕು."
ಕೂತೆ. ಎರಡೂ ಕೈ ತೊಡೆಯಡಿ ಒತ್ತಿಕೊಂಡೆ.
ನೀರು ಜಾಸ್ತಿ ಸುರಿದ ಸದ್ದು. ಸುಮ್ಮನಿದ್ದೆ.
ಹಿಟ್ಟಿನ ಡಬ್ಬಿ ಉರುಳಿದ ಸದ್ದು, ಚಿರಂತನ ಕಿಸಕ್ಕನೆ ನಗು.
ಗೂಡ್ಸು ಗಾಡಿಯೊಂದು ನೆಲ ನಡುಗಿಸುತ್ತ ಹೋಯಿತು,
ಐವತ್ತೆರಡು ಡಬ್ಬಿ, ಎಣಿಸಿದೆ,
ಎಣಿಸದಿದ್ದರೆ ಎದ್ದುಬಿಡುತ್ತಿದ್ದೆ.
ತಳ ಹಿಡಿದ ವಾಸನೆ ಬಂತು, ತೆಳ್ಳಗೆ.
ಹಳಿಯ ಮೇಲಾದರೆ ನನ್ನ ಹತ್ತಿರ ಕೆಂಪು ಬಾವುಟವಿರುತ್ತೆ.
ಔಟರಿನಲ್ಲಿ ಮೈಸೂರು ಗಾಡಿ ಕೂಗಿತು.
ಒಳಗೆ ಅವಳು ತಮ್ಮನಿಗೆ:
"ಇನ್ನೂ ಇಲ್ಲ. ಬಂದು ನಿಲ್ಲಲಿ."

ಮುದ್ದೆ ಬಂತು, ಒಂದು ಕಡೆ ವಾಲಿಕೊಂಡು,
ಮೈಮೇಲೆ ಅವಳ ಬೆರಳ ಗುರುತು.
ಮುರಿದು, ಸಾರಲ್ಲಿ ಹೊರಳಿಸಿ, ನುಂಗಿದೆ.
ಮೂರನೆಯ ತುತ್ತಿನಲ್ಲಿ ಸಿಕ್ಕಿತು.
ಮುದ್ದೆ ಅಗಿಯಬಾರದು ಅನ್ನುತ್ತಾರೆ. ಅಗಿದೆ.
ಅವಳು ನನ್ನ ಗಂಟಲನ್ನೇ ನೋಡುತ್ತಿದ್ದಳು.
"ಗಂಟಿತ್ತಾ?"
"ಒಂದು."
"ಒಂದೇನಾ?"
"ಒಂದೇ."
ಇಲ್ಲ ಅಂದಿದ್ದರೆ ಹಿಡಿದುಬಿಡುತ್ತಿದ್ದಳು.

ಬೆಳಗ್ಗೆ ಅವಳಮ್ಮ ಯೂನಿಫಾರಂ ಕೂಡ ಬಿಚ್ಚದೆ
ತಂಗಳು ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ ಕುಡಿದಳು.
ಮೂರು ಹೆರಿಗೆಯಂತೆ ರಾತ್ರಿ.
"ತಾಯಿ ಪಾಪ ಸುಮ್ನಿದ್ಲು,
ಬಾಗಿಲಾಚೆ ಇದ್ದ ಅಪ್ಪನ್ನ ಸುಧಾರಿಸೋದೇ ಕಷ್ಟ ಆಯ್ತು"
ಅಂದು ಲೋಟ ತೊಳೆದಿಟ್ಟು ಮಲಗಿದಳು.

ಭಾನುವಾರ ಚಿರಂತನ ಸರದಿ.
ಪಾತ್ರೆ ಕೆಳಗಿಳಿಸಿ ಕೊಟ್ಟು ಹೊಸ್ತಿಲಿಗೆ ಬಂದೆ.
ಅವನು ಎರಡೂ ಕೈಯಲ್ಲಿ ಕೋಲು ಹಿಡಿದು
ಬಾವಿ ತೋಡುವವನ ಹಾಗೆ ಕುಟ್ಟುತ್ತಿದ್ದ.
"ಬಿಡೋ ಇಲ್ಲಿ!"
ಅವಳ ಗಂಟಲಲ್ಲಿ ನನ್ನದೇ ದನಿ.
ಕಿತ್ತುಕೊಂಡವಳು ತಿರುಗಿ ನನ್ನ ಕಡೆ ನೋಡಿದಳು.
ನಾನು ಏನೂ ಅನ್ನಲಿಲ್ಲ.
ಕೋಲನ್ನು ಅವನ ಕೈಗೇ ವಾಪಸು ಕೊಟ್ಟು
ಬಂದು ನನ್ನ ಪಕ್ಕ ಕೂತಳು,
ಕೈಯೆರಡನ್ನೂ ತೊಡೆಯಡಿ ಸೇರಿಸಿ.