ಕೆಂಪು ಗೀಟು

ಏಪ್ರಿಲ್ ಮೂರು, ಸಾವಿರದ ಒಂಬೈನೂರ ಹನ್ನೊಂದು.
ಲ್ಯಾಂಕಾಶೈರಿನ ಹತ್ತಿಗಿರಣಿಯ ಊರು,
ಬಾಬಿನ್ ಬೀದಿಯ ಅರವತ್ತು ಬಾಗಿಲು ನನ್ನ ಪಾಲಿಗೆ.
ಉಳಿದ ದಿನ ಕಲ್ಲಿದ್ದಲ ಅಂಗಡಿಯಲ್ಲಿ ಮೂಟೆ ಎಣಿಸುತ್ತೇನೆ.
ಈ ವಾರ ಮನುಷ್ಯರನ್ನು.

ತೊಟ್ಟಿಲು ಕಡಿಮೆಯಾಗುತ್ತಿವೆಯಂತೆ, ಸರ್ಕಾರಕ್ಕೆ ಚಿಂತೆ.
ಅದಕ್ಕೇ ಈ ಸಲ ಹೊಸ ಅಂಕಣ:
ಮದುವೆಯಾಗಿ ಎಷ್ಟು ವರ್ಷ,
ಹೆತ್ತದ್ದೆಷ್ಟು, ಉಳಿದದ್ದೆಷ್ಟು, ಹೋದದ್ದೆಷ್ಟು.
ತಾಳೆಯಾಗಬೇಕು.

ಹದಿನೆಂಟನೇ ಮನೆ, ಪಿಲ್ಲಿಂಗ್ ದಂಪತಿ. ಆರು ವರ್ಷ, ಒಂದೇ ಕೂಸು.
ಇಬ್ಬರೂ ಮಗ್ಗಕ್ಕೆ ಹೋಗುವವರು. "ಒಂದು ಸಾಕು" ಅಂದ ಗಂಡ;
ಹೆಂಡತಿ ಕೆಟಲಿನ ಕಡೆ ತಿರುಗಿದಳು.
ಹೇಗೆ ಅಂತ ನಾನು ಕೇಳಲಿಲ್ಲ. ಅದಕ್ಕೆ ಅಂಕಣವಿಲ್ಲ.

ಇಪ್ಪತ್ತೊಂದರಲ್ಲಿ ಟೀಚರಮ್ಮ ಹಾಳೆ ಖಾಲಿ ಕೊಟ್ಟಳು:
"ಓಟಿಗೆ ಬೇಡವಾದ ತಲೆ ಎಣಿಕೆಗೆ ಮಾತ್ರ ಯಾಕೆ ಬೇಕು?"
ಕಾಲೊರೆಸಿಕೊಂಡು ಹೊರಟೆ.

ಇಪ್ಪತ್ತಮೂರು. ಕೆಜಾಯಾ ಆರ್ಮರಾಡ್.
ನಲವತ್ತು ವರ್ಷದ ಮಗ್ಗದ ಗದ್ದಲ ಅವಳ ಕಿವಿ ತಿಂದಿದೆ.
ನೇಯುವವರ ಮಾತೆಲ್ಲ ತುಟಿಯಲ್ಲೇ,
ದನಿ ತೆಗೆದರೂ ಅಲ್ಲಿ ಕೇಳುವವರಾರು?
ಹಾಳೆ ಅವಳೇ ತುಂಬಿದ್ದಳು:
ಹನ್ನೊಂದು. ನಾಲ್ಕು. ಏಳು.
ಏಳರ ಪಕ್ಕ, ಯಾರೂ ಕೇಳದಿದ್ದರೂ, ಹೆಸರು ಬೇರೆ.
ಆಲ್ಫ್, ಎಸ್ತರ್, ಜೆಥ್ರೊ, ಇನ್ನೊಬ್ಬ ಆಲ್ಫ್,
ಅವಳಿಗಳು,
ಕೊನೆಗೆ ಜಾಗ ಸಾಲದೆ ಅಂಚಿನಲ್ಲಿ ಅಡ್ಡಡ್ಡ: ಒಂಬತ್ತು ದಿನದವಳು.

"ಅಮ್ಮಾ, ಇದು ಗಂಡ ಇರುವವರಿಗೆ.
ವಿಧವೆಯರು ತುಂಬಬೇಕಾಗಿಲ್ಲ."
ನನ್ನ ತುಟಿಯನ್ನೇ ನೋಡುತ್ತಿದ್ದಳು.
ಆಮೇಲೆ ತನ್ನದನ್ನು ಆಡಿಸಿದಳು, ಸದ್ದಿಲ್ಲ.
ನನಗೆ ಆ ವಿದ್ಯೆ ಬರದು,
ಆದರೂ ತಿಳಿಯಿತು:
ಹೆತ್ತದ್ದು ಅವನೇನು?

ರಾತ್ರಿ ನಿಯಮದ ಪುಸ್ತಕ ತೆರೆದಿಟ್ಟು
ಕೆಂಪು ಶಾಯಿಯಲ್ಲಿ ಗೀಟೆಳೆದೆ.
ತೆಳ್ಳಗೆ ಎಳೆದೆ, ಅಡಿಯ ಅಕ್ಷರ ಕಾಣುವಷ್ಟು.

ಹುಡುಗರಾಗಿದ್ದಾಗ ಇದೇ ಬೀದಿಯಲ್ಲಿ
ತೀರ ಚಿಕ್ಕದೊಂದು ಬಂದು ಹಟ ಹಿಡಿದರೆ
ಸೇರಿಸಿಕೊಳ್ಳುತ್ತಿದ್ದೆವು, ಕಣ್ಣು ಮಿಟುಕಿಸಿ:
ಆಟಕ್ಕುಂಟು, ಲೆಕ್ಕಕ್ಕಿಲ್ಲ.
ಅದಕ್ಕೇನು ಗೊತ್ತು ಪಾಪ,
ಮರದ ಬೂಟು ಟಕಟಕ ಅನಿಸುತ್ತ
ಎಲ್ಲರಿಗಿಂತ ಜೋರಾಗಿ ಓಡುತ್ತಿತ್ತು.

ಬೆಳಗಾದರೆ ಕಂತೆ ಕಟ್ಟಿ ಒಪ್ಪಿಸಬೇಕು.
ಬೀದಿಯ ಒಟ್ಟು ಜನ ಇನ್ನೂರ ಎಪ್ಪತ್ತೊಂದು.
ಮತ್ತೊಮ್ಮೆ ಕೂಡಿದೆ. ಏಳು ಹೆಚ್ಚು ಬಂತು.
ದೀಪ ಮಂಕಾಗಿದೆ ಅಂದುಕೊಂಡು
ಬತ್ತಿ ಏರಿಸಿ
ಒಂದನೇ ಮನೆಯಿಂದ ಶುರುಮಾಡಿದೆ.